ಪೂರ್ವದ ಒಂಟಿ ಚುಕ್ಕೆ

ಮಂಗಿಸ್ತಾವ್,
ಒಂಟೆ ಉಣ್ಣೆ ಕತ್ತರಿಸುವ ತಿಂಗಳು

ಸೈತ್ಕಾಲಿ ಮೇಷ್ಟ್ರಿಗೆ ಒರಿಂಶಾಳ ಸಲಾಮು.

ನೀವು ಕಳಿಸಿದ ನಕ್ಷೆ ತಲುಪಿತು. ಶಾರ್ಕ್ ಹಲ್ಲು ಸಿಕ್ಕಿದಲ್ಲೆಲ್ಲ ನೀವಿಟ್ಟ ಚುಕ್ಕೆಗಳನ್ನು ನೋಡುತ್ತ ಕೂತವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. "ಒಂಟೆ ಕಾಯೋಳಿಗೆ ಬತ್ತಿಹೋದ ಸಮುದ್ರದ ಉಸಾಬರಿ ಯಾಕೆ?" ಎಂದು ಅತ್ತೆ ಗದರಿದರು. ಆಮೇಲೆ ತಾವೇ ಕನ್ನಡಕ ಹುಡುಕಿಕೊಂಡು ಬಂದು, "ಇದೇ ಜಾತಿ ಮೀನು ಆಫ್ರಿಕಾದಲ್ಲೂ ಇತ್ತಂತಾ? ಅಷ್ಟು ದೂರ ಹೆಂಗೆ ಈಜ್ತು?" ಎಂದು ಕೇಳಿದರು. ಉತ್ತರ ಬರೆಯಿರಿ, ನನಗೂ ಬೇಕು.

ಸುಣ್ಣದ ಬಂಡೆಗಳ ಉದ್ದಕ್ಕೂ ಇರುವ ಚುಕ್ಕೆಗಳೆಲ್ಲ ಸರಿ. ಪೂರ್ವಕ್ಕೆ, ನಮ್ಮ ಚಳಿಗಾಲದ ಮನೆಯ ಹಿಂದಿನ ದಿಬ್ಬದ ಮೇಲಿನ ಒಂಟಿ ಚುಕ್ಕೆ ತಪ್ಪು. ಅದೊಂದನ್ನು ನಂಬಿ ನೀವು ಹಳೆಯ ಕಡಲಿನ ದಡವನ್ನೇ ನಲವತ್ತು ಕಿಲೋಮೀಟರ್ ಮುಂದಕ್ಕೆ ಎಳೆದಿದ್ದೀರಿ. ಆ ಹಲ್ಲನ್ನು ಅಲ್ಲಿಗೆ ತಂದವಳು ನಾನು. ದೃಷ್ಟಿ ತಾಗದಿರಲೆಂದು ನಮ್ಮ ಮನೆಯಲ್ಲಿ ಅಂಥ ಹಲ್ಲನ್ನು ತೊಟ್ಟಿಲಿಗೆ ಕಟ್ಟುತ್ತೇವೆ. ತೊಟ್ಟಿಲು ಖಾಲಿಯಾದ ವರ್ಷ ಅದನ್ನು ಬಿಚ್ಚಿ, ದಿಬ್ಬದ ಮೇಲಿನ ಐದು ಕಲ್ಲುಗಳ ನಡುವೆ ಇಟ್ಟಿದ್ದೆ. ಕಲ್ಲುಗಳು ಚಿಕ್ಕವು. ನಿಮಗೆ ಗೊತ್ತಾಗದೆ ಇದ್ದದ್ದು ಸಹಜ.

ದಡವನ್ನು ಮೊದಲಿದ್ದಲ್ಲಿಗೇ ಸರಿಸಿ. ಹಲ್ಲನ್ನು ಬಟ್ಟೆಯಲ್ಲಿ ಸುತ್ತಿ, ನಮ್ಮ ಕಡೆಗೆ ನೀರು ತರುವ ಲಾರಿಯವನ ಕೈಗೆ ಕೊಡಿ.

ಒಂದು ಶಾರ್ಕ್ ಬದುಕಿರುವಷ್ಟು ಕಾಲದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ ಎಂದಿದ್ದಿರಿ. ಆವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ನನ್ನ ಮಗಳಿಗೆ ಇನ್ನೂ ಒಂದೂ ಮೂಡಿರಲಿಲ್ಲ.

ಇಂತಿ,
ಒರಿಂಶಾ