ಬಿದ್ದದ್ದು ಕನಸು

ಮಾರ್ಚ್ ೪, ಬೆಳಿಗ್ಗೆ

ಬಲಗೈ ಎತ್ತಿ — ಎಡಗೈ ಏಳುವುದಿಲ್ಲ — ಪೂರ್ಣ ಪ್ರಜ್ಞೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ: ಇಂದು ಸ್ನಾನಕ್ಕೆ ಮುಂಚೆ, ಬಚ್ಚಲುಮನೆಯ ಕೆಂಪು ದಾರವನ್ನು ಮೇಲಕ್ಕೆ ಮಡಚಿ ಗಂಟು ಹಾಕಿದೆ. ಸಹ ಆರೋಪಿಗಳು ನನ್ನ ಹಲ್ಲುಗಳು. ಅವೂ ಸ್ವಂತದವಲ್ಲ.

ಆ ದಾರ ಸೂರಿನಿಂದ ನೆಲದವರೆಗೆ ಇಳಿದಿರುತ್ತದೆ. ಎಳೆದರೆ ಸಹಾಯದವರಿಗೆ ಕರೆ ಹೋಗಿ, ಗೋಡೆಯ ಸ್ಪೀಕರ್ ಮಾತಾಡುತ್ತದೆ. ನಿನ್ನೆ ಟವೆಲ್ ಸಿಕ್ಕಿಕೊಂಡು ಎಳೆಯಿತು. ಮೈತುಂಬ ಸೋಪು.

“ಹೇಳಿ ಸರ್, ಏನಾಯ್ತು?” ಹೆಣ್ಣು ಧ್ವನಿ.

“ಏನೂ ಆಗಿಲ್ಲಮ್ಮ, ಸ್ನಾನ ಆಗ್ತಾ ಇದೆ” ಅಂದೆ. ಧ್ವನಿಗೆ ಕಣ್ಣಿಲ್ಲ ಅಂತ ಗೊತ್ತಿದ್ದೂ ಕೈ ಮಾತ್ರ ಟವೆಲ್ ಹುಡುಕುತ್ತಿತ್ತು.

ಆರೈಕೆ ಬೇಕಾದವರ ಈ ಕಟ್ಟಡದಲ್ಲಿ, ಮೇಲಿನ ಮಹಡಿಯ ನಾವೆಲ್ಲ ಸ್ವತಂತ್ರರು. ಸ್ವಂತ ಬಾಗಿಲು, ಸ್ವಂತ ಒಲೆ, ಸ್ವಂತ ಚಿಲಕ. ಬೆಳಿಗ್ಗೆ ಒಬ್ಬರು ಬಂದು ಕಾಲುಚೀಲ ಹಾಕಿಕೊಟ್ಟು ಹೋಗುತ್ತಾರೆ. ಲಕ್ವ ಹೊಡೆದ ಮೇಲೆ ತಂಗಿ ಇಲ್ಲಿ ಸೇರಿಸಿದಳು. ಕೆಳಗಿನ ಮಹಡಿ ಬೇರೆ ಲೋಕ. ಅಲ್ಲಿ ಬಾಗಿಲಿಗೆ ಒಳಚಿಲಕವೇ ಇಲ್ಲ. ಬೀಳುವವರನ್ನು ಅಲ್ಲಿಗೆ ಕಳಿಸುತ್ತಾರಂತೆ. ಶನಿವಾರ ಮೇಲ್ವಿಚಾರಕಿ ಮೇಡಂ ರಿವ್ಯೂ. ಕಾಲೇಜಿನಲ್ಲಿ ವ್ಯಾಕರಣ ಪಾಠ ಮಾಡಿದವನು ನಾನು. ಬೀಳ್ಕೊಡುಗೆ ಎಂಬ ಪದ ಬಿಡಿಸಿ ನೋಡಿದೆ. ಮೊದಲು ಬೀಳು, ಆಮೇಲೆ ಕೊಡುಗೆ...

ಮಾರ್ಚ್ ೫, ಮಧ್ಯಾಹ್ನ

ಪಕ್ಕದ ಮನೆಯವರು ಗಾಲಿಕುರ್ಚಿಯಲ್ಲಿ ಸಕ್ಕರೆಗೆ ಬಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದರು; ಈಗ ಅಲ್ಲಿ ಯಂತ್ರ ಮಾತಾಡುತ್ತದೆ. ಮಧ್ಯಾಹ್ನ ನಿದ್ದೆ ಬಾರದಿದ್ದರೆ ಗೋಡೆಯಾಚೆ ಕೂತು ಇಲ್ಲದ ಗಾಡಿಗಳನ್ನು ಕಳಿಸುತ್ತಿರುತ್ತಾರೆ. ಅವರ ಧ್ವನಿ ಹತ್ತಿ ನನ್ನ ನಿದ್ದೆ ಹೊರಡುತ್ತದೆ — ಸರಿಯಾದ ಸಮಯಕ್ಕೆ.

ಬಚ್ಚಲ ಬಾಗಿಲು ತೆರೆದಿತ್ತು.

“ದಾರ ಯಾಕೆ ಮೇಲಕ್ಕೆ ಹೋಗಿದೆ ಮೇಷ್ಟ್ರೇ?”

“ಬಡ್ತಿ ಸಿಕ್ತು ಅದಕ್ಕೆ.”

“ಬಿದ್ದವರ ಕೈಗೆ ಸಿಗ್ಲಿ ಅಂತ ನೆಲದ ತನಕ ಬಿಟ್ಟಿರೋದು.”

“ನಾನು ಬೀಳೋ ಪೈಕಿ ಅಲ್ಲಮ್ಮ. ಊರು ಬಿಟ್ಟು ಬಂದವನಿಗೆ ಉಳಿದಿರೋ ಊರು ಇದೊಂದೇ, ಊರುಗೋಲು.”

“ನಿಮ್ಮ ಜೋಕಿಗೆ ನಗ್ಬೇಕು ಅಂದ್ರೆ ಸಕ್ಕರೆ ಜಾಸ್ತಿ ಹಾಕಿ.”

ಮಾರ್ಚ್ ೭, ಸಂಜೆ

ಅಕ್ಷರ ಸೊಟ್ಟಗಿದೆ. ಬಿದ್ದೆ.

ಮಧ್ಯಾಹ್ನ, ಬಚ್ಚಲಲ್ಲಿ. ನಿಂತಿದ್ದೆ, ಆಮೇಲೆ ಮಲಗಿದ್ದೆ. ನಡುವಿನದನ್ನು ಯಾರೋ ಕತ್ತರಿಸಿ ತೆಗೆದ ಹಾಗೆ. ಕೆಂಪು ದಾರ ಬಹಳ ಮೇಲೆ; ನನ್ನದೇ ಗಂಟು ನನ್ನನ್ನೇ ನೋಡುತ್ತಿತ್ತು. ಮನೆಯ ಬಾಗಿಲಿಗೆ ಒಳಚಿಲಕ. ನೆಲ ತಣ್ಣಗೆ. ಬಕೆಟ್ಟಿನ ನೀರಿಗೆ ಬಿದ್ದ ಬಿಸಿಲು ಸೂರಿನ ಮೇಲೆ ಅಲೆಯಾಡುತ್ತಿತ್ತು. ಕೊಳದ ತಳದಲ್ಲಿ ಮಲಗಿದ್ದೇನೆ ಅನಿಸಿತು. ಮೇಲೆ ಎಲ್ಲೋ ಜನ, ಶನಿವಾರ, ರಿವ್ಯೂ... ಅವೆಲ್ಲ ದೋಣಿಗಳ ಹಾಗೆ ನನ್ನನ್ನು ದಾಟಿ ಹೋದವು. ನಲ್ಲಿಯ ಹನಿಗಳು ಒಂದೊಂದೇ ಇಳಿದು ನನ್ನ ಪಕ್ಕ ಕೂತವು. ಬಿದ್ದಿದ್ದೇನೆ ಎಂಬುದೇ ಸ್ವಲ್ಪ ಹೊತ್ತು ಮರೆತೆ.

ಆಮೇಲೆ ಗಾಡಿಗಳು ಹೊರಟವು. “ದಯವಿಟ್ಟು ಗಮನಿಸಿ. ಬೆನ್ನಿನ ಮೇಲೆ ನಿಂತಿರುವ ಗಾಡಿ ಬಲಕ್ಕೆ ಹೊರಳಲಿದೆ. ಮುಂದಿನ ನಿಲ್ದಾಣ ಮೊಣಕೈ. ನಂತರ ಮಂಡಿ. ಗಾಡಿ ತಡವಾದರೂ ಚಿಂತೆಯಿಲ್ಲ...” ಎಂಥ ಕನಸು. ಹೊರಳಿದೆ. ಮೊಣಕೈ. ಬಹಳ ಹೊತ್ತಿಗೆ ಮಂಡಿ. ಕಮೋಡಿನ ಅಂಚು ಹಿಡಿದು ಎದ್ದೆ.

ಯಾರನ್ನೂ ಕರೆಯಲಿಲ್ಲ. ಈ ವಾಕ್ಯಕ್ಕೆ ಅಡಿಗೆರೆ.

ಮಾರ್ಚ್ ೮

ರಿವ್ಯೂ ಮುಗಿಯಿತು. ಬಚ್ಚಲ ಬಾಗಿಲು ಮುಚ್ಚಿಟ್ಟಿದ್ದೆ.

“ಈಚೆಗೆ ಬಿದ್ದಿದ್ರಾ ಸರ್?”

“ಕನಸು ಬಿತ್ತು ಮೇಡಂ. ನಾನು ಬೀಳ್ಲಿಲ್ಲ.”

ನಕ್ಕರು. ‘ಬಿದ್ದಿಲ್ಲ’ ಅಂತ ಬರೆದುಕೊಂಡರು. ಮನೆ ಉಳಿಯಿತು. ನಮ್ಮ ಭಾಷೆ ದೊಡ್ಡದು. ಇಲ್ಲಿ ಕನಸು ಬೀಳುತ್ತದೆ, ಬಿಸಿಲು ಬೀಳುತ್ತದೆ, ಜನ ಗಂಟು ಬೀಳುತ್ತಾರೆ. ಯಾರನ್ನೂ ಕೆಳಗಿನ ಮಹಡಿಗೆ ಕಳಿಸುವುದಿಲ್ಲ.

ಎಪ್ಪತ್ತೆರಡರಲ್ಲಿ, ಅರ್ಧ ಮೈಯಲ್ಲಿ, ಒಬ್ಬನೇ ಬಿದ್ದು ಒಬ್ಬನೇ ಎದ್ದವನು. ಸ್ವ-ತಂತ್ರ ಅಂದರೆ ಇದು.

ಮಾರ್ಚ್ ೯

ಕಾರಿಡಾರಿನಲ್ಲಿ ಅನೌನ್ಸರ್ ಕುರ್ಚಿ ಅಡ್ಡ ನಿಲ್ಲಿಸಿದರು.

“ಕನಸು ಬಿತ್ತಂತೆ. ಪಾಪ, ಅದಕ್ಕೆ ಏಟಾಯ್ತಾ?”

“ಯಾರು ಹೇಳಿದ್ದು?”

“ಮೇಡಂ ನಗ್ತಾ ಹೇಳಿದ್ರು. ನಾನು ಬಾಯಿ ಬಿಡ್ಲಿಲ್ಲ.” ಇವರು ನಗುತ್ತಿರಲಿಲ್ಲ. “ಅವತ್ತು ನನ್ನ ದಾರ ಎಳೀತೀನಿ ಅಂದ್ರೆ, ಬೇಡಮ್ಮ ಕೆಳಗೆ ಕಳಿಸ್ಬಿಡ್ತಾರೆ ಅಂತ ಗೋಗರೆದ್ರಿ. ಬೇರೆ ದಾರಿ ಕಾಣದೆ ಗೋಡೆಯಿಂದಲೇ ಹೇಳಿಕೊಟ್ಟೆ. ಇನ್ನೊಂದು ದಿನ ನಂಗೂ ನಿದ್ದೆ ಹತ್ತಿರುತ್ತೆ. ಆಗ ಏನ್ಮಾಡ್ತೀರಿ? ನೀವೇ ಹೋಗಿ ಹೇಳಿ. ನಾನು ಹೇಳಿದ್ರೆ ಚಾಡಿ ಆಗುತ್ತೆ.”

ಗಾಲಿ ತಿರುಗಿಸಿಕೊಂಡು ಹೋದರು. ಪ್ಲಾಟ್‌ಫಾರಂ ಖಾಲಿ.

ಗೋಗರೆದದ್ದು ನಿಜ. ಹೇಳಿಕೊಟ್ಟ ಹಾಗೆ ಎದ್ದದ್ದೂ ನಿಜ. ಆದರೆ ಕರೆದಿಲ್ಲ — ಬಿದ್ದ ಸದ್ದಿಗೆ ಅವರಾಗಿ ಮಾತಾಡಿಸಿದ್ದು. ಅಡಿಗೆರೆ ಅಳಿಸುವುದಿಲ್ಲ.

ಮಾರ್ಚ್ ೧೧, ಮಧ್ಯಾಹ್ನ

ಹೇಳಿ ಬಂದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಏನಾದರೂ ಜೋಕು ಹೊಳೆಯುತ್ತಿತ್ತು. “ಒಂದ್ಸಲ ಬಿದ್ದಿದ್ದಕ್ಕೆ ಕೆಳಗೆ ಕಳಿಸಲ್ಲ ಸರ್. ಬಿದ್ದದ್ದೇ ನಮಗೆ ಗೊತ್ತಾಗದೆ ಇದ್ರೆ, ನಿಮ್ಮನ್ನ ಇಲ್ಲಿ ಇಟ್ಕೊಳ್ಳೋದು ಹೇಗೆ ಹೇಳಿ?” ಬಂದು ತಾವೇ ಗಂಟು ಬಿಚ್ಚಿದರು. ನಾಳೆ ಬಚ್ಚಲ ಗೋಡೆಗೆ ಹಿಡಿಕೆ ಬರುತ್ತದೆ. ಚಿಲಕ ತೆಗೆದು, ಹೊರಗಿನಿಂದಲೂ ತೆರೆಯುವ ಬೀಗ ಹಾಕುತ್ತಾರೆ. ಒಂದು ಕೀಲಿ ನನ್ನ ಹತ್ತಿರ, ಒಂದು ಅವರ ಹತ್ತಿರ. ಮನೆ ನನ್ನದೇ.

“ಬಿದ್ದಾಗ ಯಾರನ್ನಾದ್ರೂ ಕರೆದ್ರಾ ಸರ್?” ಹೋಗುವಾಗ ಕೇಳಿದರು.

“ಇಲ್ಲ” ಅಂದೆ.

ಈಗ ಊಟ ಆಗಿ, ಅರ್ಧ ನಿದ್ದೆ. ಸೂರಿನ ಮೇಲೆ ಬೆಳಕು ಈಜುತ್ತಿದೆ. ಗೋಡೆಯಾಚೆ ಯಾವುದೋ ಗಾಡಿ ಹೊರಡುತ್ತಿದೆ. ಯಾರೂ ಓದದ ಪುಟ ಇದು, ಬರೆದುಬಿಡುತ್ತೇನೆ. ಕರೆದಿದ್ದೆ. ಅನೌನ್ಸರನ್ನಲ್ಲ, ಮೇಡಂ ಅನ್ನೂ ಅಲ್ಲ. ಅಮ್ಮಾ ಅಂತ ಕೂಗಿದೆ — ಒಂದು ಸಲ ಅಲ್ಲ. “ಇಲ್ಲೇ ಇದೀನಿ ಮಗೂ” ಅಂತು ಗೋಡೆ. ಜೀವಮಾನವೆಲ್ಲ ಮಂದಿಯ ಮಾತು ತಿದ್ದಿದವನು, ಅದೊಂದನ್ನು ತಿದ್ದಲಿಲ್ಲ. “ಎಲ್ಲೂ ಹೋಗ್ಬೇಡ” ಅಂದೆ. ಅದೂ ಏಕವಚನದಲ್ಲಿ. ಆಮೇಲೆ ಅಳು ಬೇರೆ—