ಚಪ್ಪಲಿಗೆ ಸರದಿ ಇಲ್ಲವೆಂದ ಆಸ್ಪತ್ರೆಗೆ, ಮಲಗಿದವಳ ಮಾವನ ಉತ್ತರ

ತಾಲ್ಲೂಕು ಆಸ್ಪತ್ರೆಯ ಮಾನ್ಯ ನಿರ್ದೇಶಕರೇ,

ನನ್ನ ತಂಗಿಯ ಮಗಳು ಬುವಾಲಾ ಎರಡು ತಿಂಗಳಿಂದ ಚರ್ಮದ ಡಾಕ್ಟರ ಸರದಿಗೆ ಬಂದಿಲ್ಲ. ಮುಂದಿನ ಗುರುವಾರವೂ ಬಾರದಿದ್ದರೆ ಅವಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವುದಾಗಿ ನಿಮ್ಮ ಮೊಹರು ಬಿದ್ದ ಕಾಗದ ಬಂದಿದೆ. ಕಾರಣದ ಜಾಗದಲ್ಲಿ 'ರೋಗಿಯ ಅಸಡ್ಡೆ' ಎಂದು ಬರೆದಿದ್ದೀರಿ. ತಪ್ಪು. ನೀವು ಹಾಜರಿ ಕೂಗುವ ಹೊತ್ತಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು.

ನಗಬೇಡಿ. ನಾನು ಬೌದ್ಧ ವಿಹಾರದ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವನು; ಕೊನೆಯ ತರಗತಿಯನ್ನು ಎರಡು ಸಲ ಓದಿದೆ, ಗಟ್ಟಿಯಾಗಲಿ ಎಂದು. ಮೂನ್ ನದಿಯ ಈ ದಡದಲ್ಲಿ ಸರ್ಕಾರಿ ಕಾಗದವನ್ನು ನನ್ನಷ್ಟು ಚೆನ್ನಾಗಿ ಓದಬಲ್ಲವರಿಲ್ಲ. ಆ ದಡದಲ್ಲಿ ಒಬ್ಬನಿದ್ದ, ಹೋದ ವರ್ಷ ತೀರಿಕೊಂಡ. ಆದ್ದರಿಂದ ನಾನು ಬರೆದದ್ದನ್ನು ಸ್ವಲ್ಪ ಗಮನವಿಟ್ಟು ಓದಿ.

ಬುವಾಲಾಳ ಕಾಯಿಲೆಯ ಹೆಸರು ನಿಮಗೆ ಗೊತ್ತು, ನನಗೆ ಬಾಯಿ ತಿರುಗುವುದಿಲ್ಲ. ಮೈಮೇಲೆ ನೀರು ತುಂಬಿದ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಒಡೆದ ಜಾಗ ಹಸಿಯಾಗಿ ಉಳಿಯುತ್ತದೆ. ಒಂದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಬಾಯೊಳಗೂ ಇದೆ. ನಮ್ಮೂರಲ್ಲಿ ಹುಟ್ಟಿ ಮೆಣಸಿನಕಾಯಿ ಮುಟ್ಟದೆ ಬರೀ ಗಂಜಿ ಕುಡಿಯುವುದೆಂದರೆ ಜೈಲುವಾಸವೇ. ಅದನ್ನೂ ಅವಳು ತಾಳಿಕೊಂಡಿದ್ದಾಳೆ. ತಾಳಲಾಗದ್ದು ರಾತ್ರಿ. ಬಲಕ್ಕೆ ಹೊರಳಿದರೆ ಬೆನ್ನಿನ ಗುಳ್ಳೆ ಒಡೆಯುತ್ತದೆ, ಎಡಕ್ಕೆ ಹೊರಳಿದರೆ ಸೊಂಟದ್ದು. ಹೊರಳದಿದ್ದರೆ ತುರಿಕೆ. ಕಣ್ಣು ಮುಚ್ಚಿದರೆ ನಿದ್ದೆಯಲ್ಲಿ ಎಲ್ಲಿ ಹೊರಳಿಬಿಡುತ್ತೇನೋ ಎಂಬ ಭಯಕ್ಕೇ ಎಚ್ಚರವಾಗುತ್ತದೆ. ನಾನೇ ಹೆಣೆದ ಜೊಂಡಿನ ಚಾಪೆ, ಮೂರು ಊರಲ್ಲಿ ಅಷ್ಟು ನಯವಾದದ್ದಿಲ್ಲ, ಅದಕ್ಕೂ ಅವಳ ಚರ್ಮ ಅಂಟಿಕೊಂಡಿತು. ಈಗ ದಿನಾ ಸಂಜೆ ಬಾಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ತಣಿಸಿ, ಹಾಸಿಕೊಡುತ್ತೇನೆ. ಎಲೆ ಅಂಟುವುದಿಲ್ಲ. ಅದರ ಮೇಲೆ ಬೆಳಗಿನ ಜಾವ ನಾಲ್ಕೂವರೆಯ ಸುಮಾರಿಗೆ ಅವಳಿಗೆ ನಿದ್ದೆ ಹತ್ತುತ್ತದೆ. ಎಂಟೂವರೆಯವರೆಗೆ. ಅಷ್ಟೇ ಅವಳ ಪಾಲು.

"ನೋವು ಬಿಡು ಮಾವ, ನೋವಿಗಾದ್ರೆ ಬಾಯಿಗ್ ಬಂದಂಗ್ ಬೈಬೋದು. ಈ ಎಚ್ಚರ ಐತಲ್ಲ, ಇದಕ್ಕೆ ಯಾರನ್ನ ಅಂತ ಬೈಲಿ?" ಎಂದು ಒಂದು ದಿನ ಕೇಳಿದಳು. ಯಾರನ್ನು ಬೈಯಬೇಕೆಂದು ನನಗೆ ಈಗ ಗೊತ್ತಾಗಿದೆ, ಮಾನ್ಯರೇ.

ನಿಮ್ಮಲ್ಲಿ ರೋಗಿಗೆ ಹನ್ನೊಂದು ಪ್ರಶ್ನೆಗಳ ಒಂದು ಹಾಳೆ ಇದೆ. ಜ್ವರ ಇದೆಯೇ, ಕೀವು ಇದೆಯೇ, ಮಲವಿಸರ್ಜನೆ ಆಯಿತೇ? ನಿದ್ದೆ ಬಂತೇ ಎಂಬ ಪ್ರಶ್ನೆ ಎಲ್ಲಿದೆ? ಹೊಟ್ಟೆಯಿಂದ ಹೋದದ್ದರ ಬಗ್ಗೆ ಇರುವ ಕಾಳಜಿ ಕಣ್ಣಿಗೆ ಬಾರದ್ದರ ಬಗ್ಗೆ ಏಕಿಲ್ಲ?

ಇನ್ನು ಚಪ್ಪಲಿಯ ವಿಷಯ. ನಮ್ಮ ಆಸ್ಪತ್ರೆಯಲ್ಲಿ ಮೊದಲಿನಿಂದಲೂ ಜನ ಬೆಳಿಗ್ಗೆ ಬೇಗ ಬಂದು ಚಪ್ಪಲಿಯನ್ನು ಸಾಲಿನಲ್ಲಿಟ್ಟು ಹೋಗುತ್ತಿದ್ದರು. ಸಾಲು ಮುಂದೆ ಸರಿದಂತೆ ಹಿಂದಿದ್ದವರು ಕಾಲಿನಿಂದ ಅದನ್ನೂ ಮುಂದೆ ಸರಿಸುತ್ತಿದ್ದರು. ಇಷ್ಟು ವರ್ಷಗಳಲ್ಲಿ ಜಗಳ ಆದದ್ದು ಒಂದೇ ಸಲ. ಎರಡು ಜೊತೆ ಇಟ್ಟು ಎರಡು ಸರದಿ ಹಿಡಿದವನು ನಾನೇ. ನೀವು ಬಂದಿರಿ, ರೋಗಿ ಆರಕ್ಕೆ ಖುದ್ದು ನಿಂತು ಚೀಟಿ ಪಡೆಯಬೇಕು ಎಂದು ಹಲಗೆ ಹಾಕಿಸಿದಿರಿ. ತಿಂಗಳಿಗೊಮ್ಮೆ ಪಟ್ಟಣದಿಂದ ಬರುವ ಚರ್ಮದ ಡಾಕ್ಟರು ಒಳಗೆ ಕಾಲಿಡುವುದು ಹತ್ತಕ್ಕೆ. ಆರರಿಂದ ಹತ್ತರವರೆಗೆ ರೋಗಿಗಳು ಕಾಯುವುದು ಯಾರನ್ನು? ನಿಮ್ಮ ರಿಜಿಸ್ಟರನ್ನೇ?

ಮೊದಲ ತಿಂಗಳು ಈ ಹೊಸ ನಿಯಮ ತಿಳಿಯದೆ ಸರದಿ ತಪ್ಪಿತು. ಹೋದ ತಿಂಗಳು ನಾನೇ ಐದು ಗಂಟೆಗೆ ಮೋಟಾರುಬೈಕಿನಲ್ಲಿ ಬಂದು ಅವಳ ಚಪ್ಪಲಿ ಇಟ್ಟೆ. ನಿಮ್ಮ ಕಾವಲುಗಾರ ಅದನ್ನು ಎರಡು ಬೆರಳಲ್ಲಿ ಎತ್ತಿದ.

"ಯಾರ್ದು ದೊಡ್ಡಪ್ಪ ಇದು? ಒಂದ್ ಚೂರೂ ಸವೆದಿಲ್ಲ, ಈಗ ಅಂಗಡಿಯಿಂದ ತಂದಂಗೈತೆ."

"ತಂಗಿ ಮಗಳ್ದು. ತಗೊಂಡು ಮೂರ್ ವರ್ಷ ಆಯ್ತು. ಹಾಕ್ಕೊಂಡ್ರೆ ಕಾಲಿನ್ ಚರ್ಮ ಕಿತ್ಕೊಂಡ್ ಬರುತ್ತೆ."

"ಮತ್ತೆ ಅವ್ಳೆಲ್ಲಿ?"

"ಮಲಗವ್ಳೆ. ಒಂಬತ್ತಕ್ಕೆ ಕಾಲಿಗೆ ಬಟ್ಟೆ ಸುತ್ಕೊಂಡ್ ಬತ್ತಾಳೆ."

"ನಿದ್ದೆ ಎಲ್ಲಾರ್ಗೂ ಬರುತ್ತೆ ದೊಡ್ಡಪ್ಪ. ನಂಗೂ ಬರುತ್ತೆ."

"ನಿಂಗೆ ಬರೋದನ್ನ ಕಣ್ಣಾರೆ ನೋಡಿದೀನಪ್ಪ. ಕುರ್ಚಿ ಮೇಲೆ ಗೊರಕೆ ಹೊಡೀತಿದ್ಯಲ್ಲ, ಕೆಳಗ್ ಬಿದ್ದಿದ್ ಟೋಪಿನ ನಿನ್ ತಲೆಗಿಟ್ಟೋನು ನಾನೇ."

ಸಾಲಿನಲ್ಲಿದ್ದ ಮುದುಕಿಯರು ನಕ್ಕರು. ಅವನೂ ನಕ್ಕ, ನಗುತ್ತಲೇ ಚಪ್ಪಲಿಯನ್ನು ಬುಟ್ಟಿಗೆ ಹಾಕಿದ. "ನಾನೇನ್ ಮಾಡ್ಲಿ, ಮೇಲಿನೋರ ಆರ್ಡರು. ಹೋಗಿ ಎಬ್ಬಿಸ್ಕೊಂಡ್ ಬಾ, ಇನ್ನೂ ಟೈಮೈತೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಬಂದೆ. ನನ್ನ ತಂಗಿ ಸೀನುವಾನ್ ಬಾಗಿಲಲ್ಲೇ ನಿಂತಿದ್ದಳು. "ನೀನೇ ಎಬ್ಬಿಸಣ್ಣ, ನನ್ ಕೈಲಾಗಲ್ಲ" ಎಂದಳು. ನಾನು ಗಂಡು, ನನ್ನ ಎದೆ ಕಲ್ಲು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು. ಒಳಗೆ ಹೋದೆ. ಐದು ದಿನಗಳಿಂದ ಆ ನಾಲ್ಕು ಗಂಟೆಯ ಪಾಲೂ ಸಿಗದವಳು ಎಲೆಯ ಮೇಲೆ ಬಾಯಿ ತೆರೆದು ಮಲಗಿದ್ದಳು, ಮುಷ್ಟಿ ಬಿಚ್ಚಿತ್ತು. ಎಚ್ಚರವಿದ್ದಾಗ ಅವಳ ಮುಷ್ಟಿ ಬಿಚ್ಚಿದ್ದನ್ನು ಮೂರು ವರ್ಷಗಳಿಂದ ನಾನು ಕಂಡಿಲ್ಲ. ಹೊರಗೆ ಬಂದು ಬಾಗಿಲೆಳೆದು ಅಡ್ಡ ಕೂತೆ. "ಹೆಸರು ಹೊಡೆದಾಕಿದ್ರೆ ಔಷಧಿ ಯಾರು ಕೊಡ್ತಾರೆ, ನಿಮ್ಮಪ್ಪ ಕೊಡ್ತಾನಾ?" ಎಂದು ತಂಗಿ ಕಿರುಚಿದಳು. ನನ್ನಪ್ಪ ಅವಳಿಗೂ ಅಪ್ಪನೇ ಎಂಬುದನ್ನು ಸಿಟ್ಟಿನಲ್ಲಿ ಮರೆತಿದ್ದಳು. ಆದರೆ ಅವಳು ಕೇಳಿದ್ದು ಸರಿ. ಔಷಧಿ ನಿಂತರೆ ಬುವಾಲಾ ಉಳಿಯುವುದಿಲ್ಲ. ನಿದ್ದೆ ನಿಂತರೆ ಉಳಿಯುತ್ತಾಳೆಯೇ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವುದು ಯಾವ ವೈದ್ಯಶಾಸ್ತ್ರ, ಮಾನ್ಯರೇ?

ನಾನು ಭಿಕ್ಷೆ ಕೇಳುತ್ತಿಲ್ಲ. ಚರ್ಮದ ಕಾಯಿಲೆಯವರಿಗೆ ಮಧ್ಯಾಹ್ನದ ಸರದಿ ಕೊಡಿ. ಅವರ ಬದಲು ಮನೆಯವರು ಬಂದು ಚೀಟಿ ತೆಗೆದುಕೊಳ್ಳಲಿ, ಚಪ್ಪಲಿಯೇ ಬಂದರೂ ಸರಿ. ನಿಮ್ಮ ಹಾಳೆಯಲ್ಲಿ ಹನ್ನೆರಡನೆಯ ಪ್ರಶ್ನೆಯಾಗಿ ನಿದ್ದೆಯನ್ನು ಸೇರಿಸಿ, ಉತ್ತರವನ್ನು ಡಾಕ್ಟರು ಓದಲಿ. ಇದರ ಪ್ರತಿಯನ್ನು ನಿಮ್ಮ ಹಲಗೆಯ ಮೇಲೆಯೇ ಅಂಟಿಸಿದ್ದೇನೆ, ಅನ್ನದ ಅಂಟಿನಿಂದ. ಕೀಳಲು ಬಹಳ ಹೊತ್ತು ಬೇಕು.

ಗುರುವಾರ ಬೆಳಿಗ್ಗೆಯೂ ನಾನು ಅವಳನ್ನು ಎಬ್ಬಿಸುವುದಿಲ್ಲ, ಎಬ್ಬಿಸಲು ಬಿಡುವುದೂ ಇಲ್ಲ. ನಿಮಗೆ ಪಟ್ಟಿಯಿಂದ ಒಂದು ಹೆಸರನ್ನು ಹೊಡೆಯಲೇಬೇಕೆಂದಿದ್ದರೆ, ನನಗೂ ರಕ್ತದೊತ್ತಡದ ಚೀಟಿ ನಿಮ್ಮಲ್ಲೇ ಇದೆ, ನನ್ನದನ್ನು ಹೊಡೆಯಿರಿ. 'ಅಸಡ್ಡೆ' ಎಂದೇ ಬರೆಯಿರಿ, ಒಪ್ಪುತ್ತೇನೆ. ಅವಳ ಹೆಸರನ್ನು ಮಾತ್ರ ಮುಟ್ಟಬೇಡಿ, ಅವಳು ಮಲಗಿದ್ದಾಳೆ.

ಇಂತಿ,
ತಂಗಿಯ ಬೈಗುಳ ತಿಂದೂ ಬಾಗಿಲು ಬಿಟ್ಟೇಳದ,
ಬುವಾಲಾಳ ಮಾವ ಥೊಂಗ್‌ಪಾನ್