ನಾನು ಬರೆದ ಕಣ್ಣು

ಪುಟ್ಟೀ,

ಕ್ಷೇಮ ಕೇಳಲು ನೀನಿಲ್ಲ. ಜ್ವರದಲ್ಲಿ ನೀನು ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಆಗ ನಿನಗೆ ಒಂಬತ್ತು. ನಿನ್ನಪ್ಪ ನಾನು ಇನ್ನೂ ಅದೇ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಒಬ್ಬ ತಾಯಿ ಮಗಳನ್ನು ಕರೆತಂದಿದ್ದಳು, ಶಾಲೆಯ ಗುರುತಿನ ಚೀಟಿಗೆ ಫೋಟೋ ಬೇಕಂತೆ. ಸ್ಟೂಲಿನ ಮೇಲೆ ಕೂತದ್ದೇ ತಡ, ಹುಡುಗಿ ಪಟಪಟನೆ ಕಣ್ಣು ಮಿಟುಕಿಸತೊಡಗಿದಳು. ನಡುನಡುವೆ ಗುಡ್ಡೆ ಮೇಲಕ್ಕೆ ಹೊರಳುತ್ತಿತ್ತು. ಥೇಟ್ ನಿನ್ನ ಹಾಗೆ. ಹಳೇ ಚಾಳಿ, “ಕಣ್ಣು ಬಿಡೇ!” ಎಂದು ಗದರಿಬಿಟ್ಟೆ.

“ಬೈಬೇಡಿ ಸಾರ್,” ಎಂದಳು ತಾಯಿ. “ಡಾಕ್ಟ್ರು ನೋಡಿದಾರೆ, ಕಣ್ಣಲ್ಲಿ ಏನೂ ತೊಂದ್ರೆ ಇಲ್ವಂತೆ. ಇದನ್ನ ಟಿಕ್ ಅಂತಾರಂತೆ. ಅವಳು ಬೇಕಂತ ಮಾಡಲ್ಲ. ಗದರಿದಷ್ಟೂ ಜಾಸ್ತಿ ಆಗುತ್ತೆ.”

ಕಾದೆ. ತಾಯಿ ಏನೋ ಬೆಕ್ಕಿನ ಕಥೆ ಹೇಳುತ್ತಿದ್ದಳು. ಹನ್ನೊಂದನೇ ಸಲಕ್ಕೆ ಕಣ್ಣು ತೆರೆದ ಫೋಟೋ ಸಿಕ್ಕಿತು.

ನಿನಗೆ ನಾನು ಎರಡನೇ ಸಲಕ್ಕೇ “ರೀಲು ದಂಡ” ಎಂದು ಕೆನ್ನೆಗೆ ಬಿಡುತ್ತಿದ್ದೆ. ಆಮೇಲೆ ಸಣ್ಣ ಕುಂಚ ಹಿಡಿದು, ಫೋಟೋದಲ್ಲಿ ಮುಚ್ಚಿದ್ದ ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದೆ. “ಎಷ್ಟು ಚೆಂದ ಕಣ್ಣು ನಿಮ್ಮ ಮಗಳದ್ದು!” ಎಂದು ಬಂದವರೆಲ್ಲ ಹೊಗಳುತ್ತಿದ್ದರು. ನೀನು ಅಲ್ಲೇ ನಿಂತು ರೆಪ್ಪೆ ಬಡಿಯುತ್ತಿದ್ದೆ.

ಇವತ್ತು ಆ ತಾಯಿ ಮಗಳು ಹೋದ ಮೇಲೆ ಗೋಡೆಯ ಮೇಲಿದ್ದ ನಿನ್ನ ಪಟ ಇಳಿಸಿ, ಗಾಜು ತೆಗೆದು, ಒದ್ದೆ ಹತ್ತಿಯಿಂದ ಆ ಕಣ್ಣುಗಳನ್ನು ಒರೆಸಿದೆ. ಬಣ್ಣ ಸುಲಭವಾಗಿ ಬಿಟ್ಟುಕೊಂಡಿತು. ಅದರ ಅಡಿಯಲ್ಲಿ ನೀನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೀಯ, ಏಟು ಬೀಳುತ್ತದೆಂದು ಕಾಯುತ್ತಿರುವವಳ ಹಾಗೆ.